ಇಪ್ಪತ್ತು ಸೆಕೆಂಡಿನ ಜೂಜು

ಇಲವಾಲದಲ್ಲಿ ಬೆಟ್ಟಿಂಗ್ ಅಂಗಡಿ ಇಲ್ಲ. ಮೈಸೂರಿನಿಂದ ಹುಣಸೂರಿನ ಕಡೆಗೆ ಹೋಗುವ ಹೆದ್ದಾರಿಯ ಎರಡೂ ಮಗ್ಗುಲಲ್ಲಿ ಬೇಕರಿ, ಮೊಬೈಲ್ ಅಂಗಡಿ, ಗೊಬ್ಬರದ ಅಂಗಡಿ, ಬಾರು, ಒಡವೆ ಇಟ್ಟುಕೊಂಡು ಸಾಲ ಕೊಡುವ ಫೈನಾನ್ಸು ಎಲ್ಲವೂ ಸಿಗುತ್ತವೆ. ದುಡ್ಡು ಹಾಕಿ ಗುಂಡಿ ಒತ್ತಿ ಜೂಜಾಡುವ ಮೆಷೀನಿನ ಮಳಿಗೆಗೆ ಮಾತ್ರ ಕಾನೂನು ಅವಕಾಶ ಕೊಟ್ಟಿಲ್ಲ. ಮೈಸೂರಿನ ಸುತ್ತಮುತ್ತ ಸರ್ಕಾರದ ಒಪ್ಪಿಗೆಯಿಂದ ಬಾಜಿ ಕಟ್ಟಬಹುದಾದ ಜಾಗ ಒಂದೇ, ಚಾಮುಂಡಿ ಬೆಟ್ಟದ ತಪ್ಪಲಿನ ರೇಸ್ ಕೋರ್ಸು. ಅಲ್ಲಿಗೆ ಇಲವಾಲದಿಂದ ಹೋಗುವವರು ಕಡಿಮೆ. ಇಲ್ಲಿನ ಹುಡುಗರು ಬೆಳಗ್ಗೆ ಎದ್ದು ಕೂರ್ಗಳ್ಳಿ, ಹೂಟಗಳ್ಳಿ, ಹೆಬ್ಬಾಳದ ಕಾರ್ಖಾನೆಗಳಿಗೆ ಶಿಫ್ಟಿಗೆ ಹೋಗುತ್ತಾರೆ. ಜೇಬಿನಲ್ಲಿ ಊಟದ ಕೂಪನ್ನು, ಗುರುತಿನ ಚೀಟಿ, ಮತ್ತೆ ಫೋನು.

ಆನ್‌ಲೈನ್ ಆಟಗಳ ಮೇಲೆ ಕೇಂದ್ರದ ಕಾಯ್ದೆ ಬರುವುದಕ್ಕೆ ಮೊದಲಿನ ಮಾತು. ಪರಿಚಯದ ತಾಯಿಯೊಬ್ಬರು ಮಗನ ಬ್ಯಾಂಕ್ ಪಾಸ್‌ಬುಕ್ ತಂದು ನನ್ನ ಕೈಗಿಟ್ಟರು. ‘ಇದ್ನೊಸಿ ಓದಿ ಹೇಳಪ್ಪ, ದುಡ್ಡೆಲ್ಲ ಎಲ್ಲಿಗೋಯ್ತು ಅಂತ. ಅವ್ನು ಕುಡಿಯಾಕಿಲ್ಲ, ಬೀಡಿನೂ ಸೇದಾಕಿಲ್ಲ. ಸಂಬಳ ಬಂದು ವಾರ ಆಗಿಲ್ಲ, ಬಸ್ ಚಾರ್ಜಿಗೆ ನನ್ನ ತಾವು ಕೇಳ್ತಾನೆ.’ ಆಕೆ ಸ್ತ್ರೀಶಕ್ತಿ ಸಂಘದಿಂದ ಸಾಲ ತೆಗೆದು ಮಗನ ಬೈಕಿನ ಕಂತು ಕಟ್ಟಿದ್ದರು. ಮಗ ಗುತ್ತಿಗೆ ಕಾರ್ಮಿಕ.

ಪಾಸ್‌ಬುಕ್ಕಿನಲ್ಲಿ ಸಂಬಳ ಜಮಾ ಆದ ಸಾಲು ಒಂದು. ಅದರ ಕೆಳಗೆ, ಅದೇ ತಾರೀಖಿನಲ್ಲಿ, ಯುಪಿಐ ಮೂಲಕ 100, 100, 200, 50, 200. ನಡುವೆ ಒಂದು ಕಡೆ 740 ರೂಪಾಯಿ ವಾಪಸು ಬಂದಿದೆ. ಅದರ ಬೆನ್ನಿಗೇ 500, 500. ತಾರೀಖು ಬದಲಾಗುವುದರೊಳಗೆ ಪುಟ ತುಂಬಿಹೋಗಿತ್ತು. ಯಾವ ಮೊತ್ತವೂ ದೊಡ್ಡದಲ್ಲ. ಒಂದೊಂದನ್ನೇ ನೋಡಿದರೆ ಟೀ, ಪೆಟ್ರೋಲು, ಕರೆನ್ಸಿ ಹಾಕಿಸಿಕೊಂಡಂತೆ ಕಾಣುತ್ತವೆ. ಪುಟ ತಿರುಗಿಸುತ್ತಾ ಹೋದ ಹಾಗೆ ನನ್ನ ಕಣ್ಣು ಮೊತ್ತದ ಅಂಕಣ ಬಿಟ್ಟು ಸಾಲುಗಳ ಲೆಕ್ಕಕ್ಕೇ ಹೋಗುತ್ತಿತ್ತು. ಒಂದು ರಾತ್ರಿಯಲ್ಲಿ ಒಬ್ಬ ಮನುಷ್ಯ ಇಷ್ಟು ಸಲ ಸೋಲಲು ಸಾಧ್ಯವೇ? ‘ಇದೆಲ್ಲ ಫೋನಲ್ಲಿ ಆಟಕ್ಕೆ ಕಟ್ಟಿರೋದು ಕಣವ್ವ’ ಎಂದೆ. ‘ಆಟಕ್ಕಾ?’ ಎಂದರು. ಅವರಿಗೆ ಗೊತ್ತಿದ್ದ ಜೂಜೆಂದರೆ ಹುಣಿಸೆ ಮರದಡಿಯ ಇಸ್ಪೀಟು, ಪೆಟ್ಟಿಗೆ ಅಂಗಡಿ ಹಿಂದೆ ಬರೆಸುವ ಓಸಿ ಚೀಟಿ. ಆ ಜೂಜಿಗೆ ಒಂದು ಹೊತ್ತು ಇತ್ತು, ಒಂದು ಜಾಗ ಇತ್ತು. ಹುಡುಕಿಕೊಂಡು ಹೋಗಿ ಕೈಹಿಡಿದು ಮನೆಗೆ ಎಳೆತರಬಹುದಿತ್ತು.

ಜೂಜನ್ನು ನಿಯಂತ್ರಿಸುವುದೆಂದರೆ ಮೊದಲು ಅದರ ವೇಗವನ್ನು ನಿಯಂತ್ರಿಸುವುದು ಎಂದು ನಾನು ಅಂದಿನಿಂದ ನಂಬಿದ್ದೇನೆ. ನಮ್ಮ ಕಾನೂನು ಮಾತ್ರ ಸುಮಾರು ಎಪ್ಪತ್ತು ವರ್ಷ ಬೇರೊಂದು ಪ್ರಶ್ನೆಗೆ ಅಂಟಿಕೊಂಡಿತ್ತು: ಇದು ಅದೃಷ್ಟದ ಆಟವೋ, ಕೌಶಲದ ಆಟವೋ?

ಬೆಂಗಳೂರಿನಲ್ಲಿ ಅಚ್ಚಾದ ಪದಬಂಧ

ಆ ಪ್ರಶ್ನೆಯ ಮೂಲ ಹುಡುಕಿದರೆ ಹಳೆಯ ಮೈಸೂರು ರಾಜ್ಯಕ್ಕೇ ಬಂದು ನಿಲ್ಲುತ್ತೇವೆ. ಆರ್.ಎಂ.ಡಿ. ಚಮರ್‌ಬಾಗ್‌ವಾಲಾ ಎಂಬುವರು ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆಯ ಮೂಲಕ ಪದಬಂಧದ ಬಹುಮಾನ ಸ್ಪರ್ಧೆ ನಡೆಸುತ್ತಿದ್ದರು. ಪ್ರವೇಶ ಶುಲ್ಕ ಕಟ್ಟಿ, ಸಂಪಾದಕರು ಮೊದಲೇ ಬರೆದಿಟ್ಟ ಉತ್ತರಕ್ಕೆ ಹೊಂದುವಂತೆ ಮನೆ ತುಂಬಿಸಬೇಕು. ಆಡುವವರಲ್ಲಿ ಬಹಳಷ್ಟು ಮಂದಿ ಬಾಂಬೆ ರಾಜ್ಯದವರು. ಬಾಂಬೆಯಲ್ಲಿ ಇಂಥ ಸ್ಪರ್ಧೆಗಳ ಮೇಲೆ 1948ರಲ್ಲೇ ಕಾಯ್ದೆ ಬಂದಿತ್ತು, ಆದರೆ ರಾಜ್ಯದ ಹೊರಗೆ ಮುದ್ರಣವಾಗುವ ಪತ್ರಿಕೆಗಳಿಗೆ ಅದು ತಾಗುತ್ತಿರಲಿಲ್ಲ. 1952ರಲ್ಲಿ ತಿದ್ದುಪಡಿ ತಂದು ಆ ಕಿಂಡಿ ಮುಚ್ಚಿದರು. ಚಮರ್‌ಬಾಗ್‌ವಾಲಾ ಅವರ ಕಂಪನಿ ನ್ಯಾಯಾಲಯಕ್ಕೆ ಹೋಯಿತು. ಬೇರೆ ರಾಜ್ಯದಲ್ಲಿ ಕೂತು ಇನ್ನೊಂದು ರಾಜ್ಯದ ಜನರಿಂದ ಹಣ ಎತ್ತುವ ಉಪಾಯಕ್ಕೆ ಇಂಟರ್ನೆಟ್ ಬೇಕಾಗಿರಲಿಲ್ಲ, ಅಂಚೆಯೇ ಸಾಕಿತ್ತು.

1957ರ ಏಪ್ರಿಲ್ 9ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರು ಋಗ್ವೇದದ ಜೂಜುಗಾರನ ಅಳಲಿನಿಂದ ಹಿಡಿದು ಮಹಾಭಾರತದವರೆಗೆ ನೆನಪಿಸಿ, ಜೂಜು ಸಂವಿಧಾನ ರಕ್ಷಿಸುವ ವ್ಯಾಪಾರವೇ ಅಲ್ಲ ಎಂದರು. ಅದೇ ದಿನ ಬಂದ ಇನ್ನೊಂದು ತೀರ್ಪಿನಲ್ಲಿ, ಕೌಶಲವೇ ಮುಖ್ಯವಾದ ಸ್ಪರ್ಧೆಗಳನ್ನು ಜೂಜಿನಿಂದ ಬೇರೆಯಾಗಿ ಕಾಣಬೇಕು ಎಂಬ ಗೆರೆ ಎಳೆಯಲಾಯಿತು. ಇಂದಿನವರೆಗೂ ವಕೀಲರು ಎಳೆದಾಡುತ್ತಿರುವುದು ಆ ಗೆರೆಯನ್ನೇ.

   

1967ರಲ್ಲಿ ಸಿಕಂದರಾಬಾದಿನ ಕ್ಲಬ್ಬೊಂದರ ಪ್ರಕರಣದಲ್ಲಿ ರಮ್ಮಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ ಹೇಳಿತು. ಎಲೆ ನೆನಪಿಡಬೇಕು, ಯಾವುದನ್ನು ಹಿಡಿಯಬೇಕು ಯಾವುದನ್ನು ಬಿಡಬೇಕು ಎಂಬ ಲೆಕ್ಕ ಬೇಕು, ನಿಜ. ಆ ತೀರ್ಪಿನ ಈ ಅರ್ಧವನ್ನು ಎಲ್ಲರೂ ಉದ್ಧರಿಸುತ್ತಾರೆ. ಇನ್ನರ್ಧವನ್ನು ಬಿಟ್ಟುಬಿಡುತ್ತಾರೆ. ಆಟ ನಡೆಸುವ ಕ್ಲಬ್ಬಿನ ಯಜಮಾನ ಆ ಆಟದಿಂದಲೇ ಲಾಭ ಎತ್ತುತ್ತಿದ್ದರೆ ಮಾತು ಬೇರೆ, ಆಗ ಅದು ಅಪರಾಧವಾಗಬಹುದು ಎಂದೂ ನ್ಯಾಯಾಲಯ ಹೇಳಿತ್ತು. ಆಡುವವನಿಗೆ ಜಾಣ್ಮೆ ಇದೆಯೇ ಎಂದು ಕೇಳಿದರಷ್ಟೇ ಸಾಲದು. ಯಾರು ಗೆದ್ದರೂ ಯಾರು ಸೋತರೂ ಪ್ರತಿ ಸುತ್ತಿನಲ್ಲೂ ತನ್ನ ಪಾಲು ಎತ್ತಿಕೊಳ್ಳುವವನು ಒಬ್ಬನಿದ್ದಾನೆಯೇ ಎಂದೂ ಕೇಳಬೇಕು. ಫೋನಿನ ರಮ್ಮಿ ಮೇಜಿನಲ್ಲಿ ಅಂಥವನು ಇದ್ದೇ ಇದ್ದ. ಅವನಿಗೆ ಬೇಕಾದದ್ದು ಆಟ ನಿಲ್ಲದಿರುವುದು, ಅಷ್ಟೇ.

ಮೆಷೀನಿನ ಹೊಟ್ಟೆಯೊಳಗೆ

ಜೂಜಿನ ಮೆಷೀನು ಕರ್ನಾಟಕಕ್ಕೆ ಬಂದಿರಲೇ ಇಲ್ಲ ಎಂದೇನಲ್ಲ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ವಿಡಿಯೊ ಗೇಮ್ ಪಾರ್ಲರುಗಳು ತಲೆಯೆತ್ತಿದವು. ಕಾರು ಓಡಿಸುವ, ವಿಮಾನ ಹೊಡೆದುರುಳಿಸುವ ಮಕ್ಕಳ ಆಟಗಳ ನಡುವೆ, ದುಡ್ಡು ಹಾಕಿ ಗುಂಡಿ ಒತ್ತಿ ಅಂಕಿಯೋ ಇಸ್ಪೀಟಿನ ಎಲೆಯೋ ಬರಲಿ ಎಂದು ಕಾಯುವ ಮೆಷೀನುಗಳೂ ಬಂದವು. ಆಗ ಬಂದದ್ದು 1989ರ ಆದೇಶ. ಕರ್ನಾಟಕ ಪೊಲೀಸ್ ಕಾಯ್ದೆ 1963ರ 31ನೇ ಕಲಂ ಕೆಳಗೆ, ಬೆಂಗಳೂರು ನಗರದ ಸಾರ್ವಜನಿಕ ಮನೋರಂಜನಾ ಸ್ಥಳಗಳಿಗೆ ಪೊಲೀಸ್ ಕಮಿಷನರರ ಲೈಸೆನ್ಸು ಕಡ್ಡಾಯವಾಯಿತು. ಪಾರ್ಲರ್ ಮಾಲೀಕರು ಇದನ್ನು ಪ್ರಶ್ನಿಸಿದರು. ನಮ್ಮದು ಬರೀ ಮನರಂಜನೆ, ಜೂಜಿನ ಮಾತೇ ಇಲ್ಲಿಲ್ಲ, ಲೈಸೆನ್ಸು ಯಾಕೆ ಎಂಬುದು ಅವರ ವಾದ. ಎಂ.ಜೆ. ಶಿವಾನಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಆ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ 1995ರಲ್ಲಿ ತೀರ್ಮಾನವಾಯಿತು.

ಈ ತೀರ್ಪನ್ನು ನಾನು ತುಂಬ ಗೌರವದಿಂದ ಓದುತ್ತೇನೆ, ಏಕೆಂದರೆ ಇಲ್ಲಿ ನ್ಯಾಯಾಲಯ ಆಡುವವನ ನಡತೆಯ ಮೇಲೆ ಉಪನ್ಯಾಸ ಕೊಟ್ಟು ಸುಮ್ಮನಾಗಲಿಲ್ಲ. ಮೆಷೀನು ಏನು ಮಾಡುತ್ತದೆ ಎಂದು ವಿಚಾರಿಸಿತು. ಗಿರಾಕಿ ಬಹುಪಾಲು ಸೋಲುವ ಹಾಗೆಯೇ ಮೆಷೀನನ್ನು ಒಳಗಿನಿಂದ ತಿದ್ದಿಡಬಹುದು ಎಂಬ ಸಂಗತಿ ಕಡತಕ್ಕೆ ಬಂತು. ಎಲ್ಲ ವಿಡಿಯೊ ಗೇಮೂ ಒಂದೇ ಅಲ್ಲ. ಪೂರ್ತಿ ಅದೃಷ್ಟದ ಮೇಲೆ ನಡೆಯುವ ಮೆಷೀನಿಗೆ ಲೈಸೆನ್ಸು ನಿರಾಕರಿಸಬಹುದು, ಕೌಶಲ ಮೇಲುಗೈಯಾಗಿರುವುದಕ್ಕೆ ಷರತ್ತು ಹಾಕಿ ಕೊಡಬಹುದು, ಯಾವುದು ಯಾವುದೆಂದು ಒಂದೊಂದನ್ನೂ ನೋಡಿಯೇ ಹೇಳಬೇಕು. ಲೈಸೆನ್ಸಿನ ನಿಯಮ ಊರ್ಜಿತವಾಯಿತು. ಯಂತ್ರವನ್ನು ಬಿಚ್ಚಿ ನೋಡುವ ಅಧಿಕಾರ ಸರ್ಕಾರಕ್ಕಿದೆ ಎಂದು ಮೂವತ್ತು ವರ್ಷ ಹಿಂದೆಯೇ ಬೆಂಗಳೂರಿನ ಪ್ರಕರಣವೊಂದು ಸ್ಥಾಪಿಸಿತು. ಆ ಅಧಿಕಾರವನ್ನು ಮುಂದೆ ಫೋನಿನ ಒಳಗಿನ ಪ್ರೋಗ್ರಾಮಿನ ಮೇಲೂ ಗಟ್ಟಿಯಾಗಿ ಬಳಸಿದ್ದರೆ ಎಷ್ಟು ಮನೆ ಉಳಿಯುತ್ತಿದ್ದವು ಎಂದು ಸಂಕಟವಾಗುತ್ತದೆ.

ಮೆಷೀನನ್ನು ಮಟ್ಟ ಹಾಕುವುದು ಹೇಗೆಂದು ತಿಳಿಯಲು ಬ್ರಿಟನ್ನಿನ ಕಡೆ ನೋಡಬೇಕು. ಅಲ್ಲಿ 1961ರಿಂದ ಬೆಟ್ಟಿಂಗ್ ಅಂಗಡಿ ಕಾನೂನುಬದ್ಧ. ಪೇಟೆ ಬೀದಿಯಲ್ಲಿ ಔಷಧಿ ಅಂಗಡಿ ಪಕ್ಕ ಅದೂ ಇರುತ್ತದೆ. ಮೊದಲು ಕುದುರೆ, ನಾಯಿ ಓಟಕ್ಕೆ ಬಾಜಿ ಕಟ್ಟುವ ಜಾಗವಾಗಿತ್ತು. ಈ ಶತಮಾನದ ಆರಂಭದಲ್ಲಿ ಅಂಗಡಿಯೊಳಗೆ ಪರದೆಯ ಮೇಲೆ ರೂಲೆಟ್ ಚಕ್ರ ತಿರುಗಿಸುವ ಮೆಷೀನು ಬಂತು. 2005ರ ಕಾಯ್ದೆ ಒಂದು ಅಂಗಡಿಗೆ ನಾಲ್ಕು ಮೆಷೀನು ಎಂದು ಮಿತಿ ಹಾಕಿತು. ಮಾಲೀಕರು ಅದಕ್ಕೇನೂ ಬೆದರಲಿಲ್ಲ. ಒಂದೇ ಬೀದಿಯಲ್ಲಿ ಅಂಗಡಿಗಳ ಸಂಖ್ಯೆ ಹೆಚ್ಚಿಸಿಕೊಂಡರು. ಒಂದು ಸುತ್ತಿಗೆ 100 ಪೌಂಡ್‌ವರೆಗೆ ಕಟ್ಟಬಹುದಿತ್ತು, ಸುತ್ತು ಮುಗಿಯಲು 20 ಸೆಕೆಂಡು.

ಇಲ್ಲಿ ಸ್ವಲ್ಪ ಲೆಕ್ಕ ಮಾಡಲೇಬೇಕು, ಓದುಗರು ತಾಳ್ಮೆಯಿಂದ ನೋಡಬೇಕು. ಆ ಚಕ್ರದಲ್ಲಿ 0ಯಿಂದ 36ರವರೆಗೆ 37 ಮನೆ. ಒಂದು ಸಂಖ್ಯೆಗೆ ಕಟ್ಟಿ ಗೆದ್ದರೆ ಕಟ್ಟಿದ್ದೂ ಸೇರಿ 36 ಪಟ್ಟು ವಾಪಸು. 37ರಲ್ಲಿ ಒಂದು ಅವಕಾಶ, ಕೊಡುವುದು 36. ಅಂದರೆ ನೂರಕ್ಕೆ 2.70 ಮಾತ್ರ ಅಂಗಡಿಯವನ ಪಾಲು. ನಮ್ಮ ಓಸಿಯನ್ನು ತೆಗೆದುಕೊಳ್ಳಿ. ಎರಡಂಕಿಯ ಸಂಖ್ಯೆಗಳು ನೂರು, 1 ರೂಪಾಯಿ ಕಟ್ಟಿ ಗೆದ್ದವನಿಗೆ 70 ರೂಪಾಯಿ ಎಂಬುದು ಪೊಲೀಸರ ಎಫ್‌ಐಆರುಗಳಲ್ಲಿ ಮತ್ತೆ ಮತ್ತೆ ಕಾಣುವ ದರ. ನೂರಕ್ಕೆ 30 ಓಸಿ ಬರೆಸಿಕೊಳ್ಳುವವನ ಪಾಲು! ಹೋಲಿಸಿದರೆ ಲಂಡನ್ನಿನ ಮೆಷೀನು ಧರ್ಮಾತ್ಮ ಎನಿಸಬೇಕು. ಆದರೆ ಓಸಿಯಲ್ಲಿ ದಿನಕ್ಕೊಮ್ಮೆ 100 ರೂಪಾಯಿ ಕಟ್ಟುವವನು ಸರಾಸರಿ 30 ರೂಪಾಯಿ ಕಳೆದುಕೊಂಡು ಮಲಗುತ್ತಾನೆ. 20 ಸೆಕೆಂಡಿಗೊಂದು ಸುತ್ತಿನಂತೆ ಮೆಷೀನಿನ ಮುಂದೆ ಕೂತವನು ಗಂಟೆಗೆ 180 ಸಲ ಅದೇ 100 ಕಟ್ಟುತ್ತಾನೆ, 18,000ದ ವಹಿವಾಟು ಮಾಡುತ್ತಾನೆ, ಸರಾಸರಿ 486 ಕಳೆದುಕೊಳ್ಳುತ್ತಾನೆ. ಒಂದೇ ಗಂಟೆಯಲ್ಲಿ. ನಡುನಡುವೆ ಗೆಲ್ಲುತ್ತಲೂ ಇರುತ್ತಾನೆ, ಆದ್ದರಿಂದ ಎದ್ದು ಬರುವುದಿಲ್ಲ. ಆ ತಾಯಿಯ ಪಾಸ್‌ಬುಕ್ಕಿನ ನಡುವೆ ಇದ್ದ 740 ರೂಪಾಯಿಯ ಕೆಲಸ ಅದೇ: ಹುಡುಗನನ್ನು ಕೂರಿಸಿಕೊಳ್ಳುವುದು. ಗೂಳಿಗೆ ಹಿಂಡಿ ತೋರಿಸಿ ಕಟ್ಟುವ ಹಾಗೆ.

ಬ್ರಿಟನ್ ಸರ್ಕಾರ 2018ರಲ್ಲಿ ಈ ಮೆಷೀನಿನ ಬಾಜಿಯನ್ನು 100 ಪೌಂಡಿನಿಂದ 2 ಪೌಂಡಿಗೆ ಇಳಿಸುವುದಾಗಿ ಹೇಳಿತು. ಜಾರಿಗೆ ತರುವುದನ್ನು 2019ರ ಅಕ್ಟೋಬರಿಗೆ ಮುಂದೂಡಿದಾಗ ಕ್ರೀಡಾ ಸಚಿವೆ ಟ್ರೇಸಿ ಕ್ರೌಚ್ ಪ್ರತಿಭಟಿಸಿ ರಾಜೀನಾಮೆ ಕೊಟ್ಟರು. ಕಡೆಗೆ 2019ರ ಏಪ್ರಿಲ್ 1ರಿಂದಲೇ ಜಾರಿಯಾಯಿತು. ಬೆಟ್ಟಿಂಗ್ ಕಂಪನಿ ವಿಲಿಯಂ ಹಿಲ್ ಆ ವರ್ಷವೇ ಸುಮಾರು 700 ಅಂಗಡಿ ಮುಚ್ಚುವ ಯೋಜನೆ ಪ್ರಕಟಿಸಿತು. ಬಾಜಿ ಇಳಿಸಿದ ಮಾತ್ರಕ್ಕೆ ನೂರಾರು ಅಂಗಡಿಗಳು ನಡೆಯದಂತಾಗುತ್ತವೆ ಎಂದರೆ ಅವು ಯಾರ ದುಡ್ಡಿನಿಂದ ನಡೆಯುತ್ತಿದ್ದವು ಎಂದು ಬೇರೆ ಹೇಳಬೇಕಾಗಿಲ್ಲ. ಅಲ್ಲಿಗೂ ಅವರು ನಿಲ್ಲಿಸಲಿಲ್ಲ. 2020ರ ಏಪ್ರಿಲ್‌ನಲ್ಲಿ ಕ್ರೆಡಿಟ್ ಕಾರ್ಡಿನಿಂದ ಜೂಜಿಗೆ ಹಣ ಕಟ್ಟುವುದನ್ನು ನಿಷೇಧಿಸಿದರು. 2021ರಲ್ಲಿ ಆನ್‌ಲೈನ್ ಸ್ಲಾಟ್ ಆಟಗಳಿಗೆ ಒಂದು ಸುತ್ತು ಕನಿಷ್ಠ 2.5 ಸೆಕೆಂಡ್ ಇರಲೇಬೇಕೆಂದು, ತಾನಾಗಿಯೇ ತಿರುಗುತ್ತಾ ಹೋಗುವ ಸೌಲಭ್ಯ ಇರಕೂಡದೆಂದು ನಿಯಮ ಮಾಡಿದರು. 2025ರಲ್ಲಿ ಸುತ್ತಿಗೆ 5 ಪೌಂಡ್, 25 ವಯಸ್ಸಿನ ಕೆಳಗಿನವರಿಗೆ 2 ಪೌಂಡ್ ಎಂಬ ಮಿತಿ ಬಂತು. ಬ್ರಿಟನ್ನಿನಲ್ಲಿ ಜೂಜಿನ ಸಮಸ್ಯೆ ಮುಗಿದಿಲ್ಲ, ಮುಗಿದಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಸೆಕೆಂಡು ಎಣಿಸಿ ಕಾನೂನು ಬರೆಯುವುದನ್ನು ಅವರು ಕಲಿತಿದ್ದಾರೆ.

ವಾರಕ್ಕೊಂದು ಡ್ರಾ

ಸೆಕೆಂಡು ಎಣಿಸದಿದ್ದರೂ ದಿನ ಎಣಿಸುವುದು ನಮ್ಮ ಕಾನೂನಿಗೂ ಗೊತ್ತಿತ್ತು. 1998ರ ಕೇಂದ್ರ ಲಾಟರಿ ಕಾಯ್ದೆಯ 4ನೇ ಕಲಂ ನೋಡಿ. ಒಂದಂಕಿಯ ಮೇಲೆ ಬಹುಮಾನ ಕೊಡಕೂಡದು. ಒಂದು ಲಾಟರಿಗೆ ವಾರಕ್ಕೆ ಒಂದಕ್ಕಿಂತ ಹೆಚ್ಚು ಡ್ರಾ ಇರಕೂಡದು. ವಾರವಿಡೀ ಕಾದವನಿಗೆ ಯೋಚಿಸಲು ಸಮಯವಿರುತ್ತದೆ, ಸೋತ ನೋವು ಆರಿರುತ್ತದೆ, ಸಂಬಳದ ದುಡ್ಡು ಅಕ್ಕಿಗೆ ಹೋಗಿರುತ್ತದೆ. ಈ ನಿಯಮ ಬರೆದವರು ಮನುಷ್ಯರನ್ನು ಬಲ್ಲವರು.

ಅದನ್ನು ಪಾಲಿಸಿದವರು ಕಡಿಮೆ. ಲಾಟರಿಗಳಿಗೆ ಬೇರೆ ಬೇರೆ ಹೆಸರಿಟ್ಟು ಡ್ರಾಗಳನ್ನು ಹೆಚ್ಚಿಸಿದರು. ಕಂಪ್ಯೂಟರ್ ಟರ್ಮಿನಲ್ಲಿನ ಆನ್‌ಲೈನ್ ಲಾಟರಿ ಬಂದ ಮೇಲೆ ಅಂಗಡಿಯ ಮುಂದೆಯೇ ನಿಂತು ಫಲಿತಾಂಶ ಕಾಯುವುದು ಶುರುವಾಯಿತು. ಕರ್ನಾಟಕದ ಊರೂರಿನ ಬಸ್ ನಿಲ್ದಾಣಗಳಲ್ಲಿ ಆ ದಿನಗಳನ್ನು ಕಂಡವರಿಗೆ ಹೇಳಬೇಕಾಗಿಲ್ಲ: ಕೂಲಿ ಮುಗಿಸಿ ಬಂದವರು ನೇರ ಅಲ್ಲಿಗೇ ಹೋಗುತ್ತಿದ್ದರು, ಕೌಂಟರಿನ ಸುತ್ತ ಹರಿದ ಟಿಕೆಟ್ಟುಗಳ ಕಸ ಬಿದ್ದಿರುತ್ತಿತ್ತು. ಎಚ್.ಡಿ. ಕುಮಾರಸ್ವಾಮಿಯವರ ಸರ್ಕಾರ 2007ರ ಏಪ್ರಿಲ್ 1ರಿಂದ ರಾಜ್ಯದಲ್ಲಿ ಎಲ್ಲ ಲಾಟರಿಯನ್ನೂ ನಿಲ್ಲಿಸಿತು. ಹೊರರಾಜ್ಯದವೂ ಬರುವಂತಿರಲಿಲ್ಲ, ರಾಜ್ಯದ್ದೂ ಇರಲಿಲ್ಲ. ಅನೇಕ ಮನೆಗಳಲ್ಲಿ ಅಂದು ಹೆಂಗಸರು ನಿಟ್ಟುಸಿರು ಬಿಟ್ಟರು. ಅದು ಒಳ್ಳೆಯ ನಿರ್ಧಾರವೇ.

ನಿಷೇಧವಾದ ಮೇಲೂ ಆಸೆ ಉಳಿಯಿತು, ಆಸೆಯ ಮೇಲೆ ಬದುಕುವವರೂ ಉಳಿದರು. 2015ರಲ್ಲಿ ಅಕ್ರಮ ಒಂದಂಕಿ ಲಾಟರಿಯ ಜಾಲ ಬಯಲಾದಾಗ ಹಿರಿಯ ಪೊಲೀಸ್ ಅಧಿಕಾರಿಗಳತ್ತಲೇ ಬೆರಳು ತೋರಿತು. ರಾಜ್ಯ ಸರ್ಕಾರ ತನಿಖೆಯನ್ನು ಸಿಬಿಐಗೆ ಒಪ್ಪಿಸಬೇಕಾಯಿತು.

ಹಳ್ಳಿಯ ಮಟ್ಟದಲ್ಲಿ ಯಾರು ಸಿಕ್ಕಿಬೀಳುತ್ತಾರೆ ಎಂಬುದು ಜಿಲ್ಲಾ ಪುಟಗಳನ್ನು ಓದುವ ಎಲ್ಲರಿಗೂ ಗೊತ್ತು. ‘ಅಂದರ್ ಬಾಹರ್ ಜೂಜಾಟ: ಎಂಟು ಮಂದಿ ಬಂಧನ, ಪಣಕ್ಕಿಟ್ಟಿದ್ದ ನಗದು ವಶ’ ಎಂಬ ಧಾಟಿಯ ಸುದ್ದಿ ವಾರಕ್ಕೊಮ್ಮೆಯಾದರೂ ಇರುತ್ತದೆ. ಪೊಲೀಸ್ ಕಾಯ್ದೆಯ 87ನೇ ಕಲಂ ಬೀದಿ ಬದಿಯ ಜೂಜಿಗೆ, 78 ಓಸಿ-ಬೆಟ್ಟಿಂಗಿಗೆ, 79 ಮತ್ತು 80 ಜೂಜಿನ ಮನೆ ನಡೆಸುವವರಿಗೆ, ಆಡುವವರಿಗೆ. ಸಣ್ಣ ಜೂಜಿನ ಇಂಥ ಪ್ರಕರಣ ದಾಖಲಿಸಿ ತನಿಖೆ ಮಾಡಲು ಮ್ಯಾಜಿಸ್ಟ್ರೇಟರ ಅನುಮತಿ ಬೇಕಿತ್ತು. ಅದನ್ನು ಸರಿಯಾಗಿ ಪಡೆಯದೆ ಹೈಕೋರ್ಟಿನಲ್ಲಿ ಬಿದ್ದುಹೋದ ಪ್ರಕರಣಗಳು ಬೇಕಾದಷ್ಟಿವೆ. ಹಬ್ಬದ ದಿನ ಅರಳಿಕಟ್ಟೆಯ ಮೇಲೆ ಟವೆಲ್ ಹಾಸಿ ಕೂತವರು ಸ್ಟೇಷನ್ನಿಗೆ ಹೋಗುತ್ತಾರೆ. ಇತ್ತ ಕುದುರೆ ಓಟಕ್ಕೆ 1952ರ ಲೈಸೆನ್ಸ್ ಕಾಯ್ದೆಯ ಆಸರೆಯಿದೆ, 1996ರಲ್ಲಿ ಸುಪ್ರೀಂ ಕೋರ್ಟು ಅದನ್ನೂ ಕೌಶಲದ ಆಟವೆಂದಿದೆ. ಹಾಗೆಂದು ರೇಸ್ ಕೋರ್ಸನ್ನು ಮುಚ್ಚಿ ಎಂಬುದು ನನ್ನ ವಾದವಲ್ಲ. ಅಲ್ಲಿ ಓಟಕ್ಕೆ ದಿನ ಗೊತ್ತು ಮಾಡಿದ್ದಾರೆ, ಒಂದು ಓಟಕ್ಕೂ ಇನ್ನೊಂದಕ್ಕೂ ನಡುವೆ ಹೊತ್ತು ಹಿಡಿಯುತ್ತದೆ. ಫೋನಿಗೆ ಅಂಥ ಯಾವ ಅಡೆತಡೆಯೂ ಇರಲಿಲ್ಲ.

ನಾಲ್ಕು ತಿಂಗಳ ಕಾನೂನು

2021ರಲ್ಲಿ ರಾಜ್ಯ ಸರ್ಕಾರ ಎಚ್ಚೆತ್ತಿತು. ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನೆಲ್ಲ, ಕೌಶಲದವನ್ನೂ ಸೇರಿಸಿ, ಅಕ್ಟೋಬರ್ 5ರಿಂದ ನಿಷೇಧಿಸಿತು. ಮೂರು ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಕಂಪನಿಗಳು ಹೈಕೋರ್ಟಿಗೆ ಹೋದವು. ಮುಖ್ಯ ನ್ಯಾಯಮೂರ್ತಿ ಋತುರಾಜ್ ಅವಸ್ಥಿ ಮತ್ತು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಪೀಠ 2022ರ ಫೆಬ್ರುವರಿ 14ರಂದು ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಕೌಶಲದ ಆಟ ನಡೆಸುವುದು ಸಂವಿಧಾನ ಕಾಯುವ ಉದ್ಯೋಗ, ಅದನ್ನು ಅದೃಷ್ಟದ ಆಟದ ಜೊತೆ ಒಂದೇ ಮಂಕರಿಗೆ ಹಾಕಿ ಪೂರ್ತಿ ನಿಷೇಧಿಸುವುದು ಅತಿಯಾಯಿತು ಎಂಬುದು ತೀರ್ಪಿನ ಸಾರ. ಜೂಜು, ಬೆಟ್ಟಿಂಗಿನ ವಿಷಯದಲ್ಲಿ ಸಂವಿಧಾನಕ್ಕೆ ಹೊಂದುವ ಸೂಕ್ತ ಕಾನೂನು ತರಲು ಈ ತೀರ್ಪು ಅಡ್ಡಿಯಲ್ಲ ಎಂದೂ ನ್ಯಾಯಾಲಯ ಹೇಳಿತು.

ಆ ಕೊನೆಯ ಮಾತಿನಲ್ಲಿ ಬಾಗಿಲು ತೆರೆದೇ ಇತ್ತು. ಸರ್ಕಾರ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹಾಕಿತು, ಸರಿ. ಜೊತೆಗೇ ಶಿವಾನಿ ತೀರ್ಪು ತೋರಿಸಿದ ದಾರಿಯಲ್ಲಿ ಲೈಸೆನ್ಸಿನ ಕಾಯ್ದೆಯೊಂದನ್ನು ತಂದು, ದಿನಕ್ಕೆ ಇಷ್ಟೇ ಹಣ, ಗಂಟೆಗೆ ಇಷ್ಟೇ ಸುತ್ತು, ರಾತ್ರಿ ಇಷ್ಟು ಹೊತ್ತಿನ ಮೇಲೆ ಆಟವಿಲ್ಲ, ಸೋತವನಿಗೆ ಬೋನಸ್ಸಿನ ಆಮಿಷವಿಲ್ಲ ಎಂದು ಬರೆಯಬಹುದಿತ್ತು. ಎಲ್ಲ ಇಲ್ಲವೇ ಏನೂ ಇಲ್ಲ ಎಂಬ ಹಟದಲ್ಲಿ ವರ್ಷಗಳು ಕಳೆದವು. ಆ ವರ್ಷಗಳಲ್ಲೇ ಕ್ರಿಕೆಟ್ ಆಟಗಾರರು, ಸಿನಿಮಾ ನಟರು ಐಪಿಎಲ್ ನಡುವೆ ಬಂದು ತಂಡ ಕಟ್ಟಿ ಗೆಲ್ಲಿ ಎಂದರು. ಇಲವಾಲದ ಹುಡುಗರು ಪಾಸ್‌ಬುಕ್ಕಿನ ಪುಟ ತುಂಬಿಸಿದರು. ಸರ್ಕಾರಕ್ಕೂ ಆದಾಯ ಬಂತು. 2023ರ ಅಕ್ಟೋಬರ್ 1ರಿಂದ ಆಟಗಾರರು ಕಟ್ಟಿದ ಪೂರ್ತಿ ಹಣದ ಮೇಲೆ ಶೇ 28ರಷ್ಟು ಜಿಎಸ್‌ಟಿ ಎತ್ತಲಾಯಿತು.

ಆಮೇಲೆ ಎಲ್ಲವೂ ಮೂರೇ ದಿನದಲ್ಲಿ ನಡೆಯಿತು. 2025ರ ಆಗಸ್ಟ್ 20ರಂದು ಲೋಕಸಭೆ, 21ರಂದು ರಾಜ್ಯಸಭೆ ಆನ್‌ಲೈನ್ ಗೇಮಿಂಗ್ ಮಸೂದೆ ಅಂಗೀಕರಿಸಿದವು, 22ರಂದು ರಾಷ್ಟ್ರಪತಿಯವರ ಅಂಕಿತ ಬಿತ್ತು. ಕೌಶಲವೋ ಅದೃಷ್ಟವೋ ಎಂಬ ಹಳೆಯ ಪ್ರಶ್ನೆಯನ್ನೇ ಈ ಕಾಯ್ದೆ ಬದಿಗಿಟ್ಟಿತು. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡುವವರಿಗೆ ಎರಡು ವರ್ಷ, 50 ಲಕ್ಷ. ಹಣ ಸಾಗಿಸಿಕೊಡುವ ಬ್ಯಾಂಕು, ಪಾವತಿ ಸಂಸ್ಥೆಗಳೂ ಹೊಣೆ. ಆಡುವವನಿಗೆ ಶಿಕ್ಷೆಯಿಲ್ಲ, ಅವನನ್ನು ಹಾನಿಗೊಳಗಾದವನೆಂದು ಕಾಣಲಾಗಿದೆ. ಈ ಕೊನೆಯ ಅಂಶಕ್ಕೆ ನಾನು ಮನಸಾರೆ ಕೈಮುಗಿಯುತ್ತೇನೆ. 45 ಕೋಟಿ ಜನ ವರ್ಷಕ್ಕೆ ಸುಮಾರು 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆ ಎಂಬುದು ಸರ್ಕಾರವೇ ಕೊಟ್ಟ ಅಂದಾಜು. ಡ್ರೀಮ್11, ಎಂಪಿಎಲ್ ಮುಂತಾದ ದೊಡ್ಡ ಕಂಪನಿಗಳು ಹಣದ ಆಟ ನಿಲ್ಲಿಸಿದವು. ಕಾಯ್ದೆಯನ್ನು ಪ್ರಶ್ನಿಸಿದ ಮೊದಲ ಅರ್ಜಿಗಳಲ್ಲೊಂದು ನಮ್ಮ ಹೈಕೋರ್ಟಿನಲ್ಲೇ ಸಲ್ಲಿಕೆಯಾಯಿತು. ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಬೇರೆ ಬೇರೆ ಹೈಕೋರ್ಟುಗಳ ಅರ್ಜಿಗಳನ್ನೆಲ್ಲ ತನಗೇ ವರ್ಗಾಯಿಸಿಕೊಂಡಿತು.

ಅಂಕಿತ ಬಿದ್ದ ಮಾರನೆಯ ದಿನವೇ ಅಕ್ರಮ ಬೆಟ್ಟಿಂಗ್ ನಡೆಸಿದ ಆರೋಪದ ಮೇಲೆ ಕರ್ನಾಟಕದ ಶಾಸಕರೊಬ್ಬರನ್ನು ಜಾರಿ ನಿರ್ದೇಶನಾಲಯ ಸಿಕ್ಕಿಂನಲ್ಲಿ ಬಂಧಿಸಿತು. ಪ್ರಕರಣ ನ್ಯಾಯಾಲಯ ತೀರ್ಮಾನಿಸಬೇಕಾದದ್ದು. ಕಾಯ್ದೆಗೆ ತಲೆಬಾಗಿ ಆಟ ನಿಲ್ಲಿಸಿದ ಕಂಪನಿಗಳ ಆಚೆಗೆ ಇನ್ನೊಂದು ಲೋಕ ಇದೆ ಎಂಬುದಕ್ಕೆ ಮಾತ್ರ ಅದೊಂದು ಸೂಚನೆ. ವಾಟ್ಸ್ಆ್ಯಪಿನಲ್ಲಿ ಬರುವ ಲಿಂಕು, ವಿದೇಶದಲ್ಲಿರುವ ಸರ್ವರು, ಯಾರದೋ ಹೆಸರಿನ ಬ್ಯಾಂಕ್ ಖಾತೆ. ಬೆಂಗಳೂರಿನಲ್ಲಿ ಪತ್ರಿಕೆ ಅಚ್ಚು ಹಾಕಿ ಬಾಂಬೆಗೆ ಅಂಚೆಯಲ್ಲಿ ಕಳಿಸಿದ ಕಾಲದ ಗಡಿಯ ಕಷ್ಟ ಇಂದು ಸಮುದ್ರದಾಚೆಗೆ ಹೋಗಿದೆ. ಅಲ್ಲಿ ವೇಗಕ್ಕೆ ಮಿತಿಯಿಲ್ಲ, ವಯಸ್ಸು ಕೇಳುವವರಿಲ್ಲ, ಗೆದ್ದ ಹಣ ಬರುವ ಖಾತ್ರಿಯೂ ಇಲ್ಲ. 1872ರ ಕರಾರು ಕಾಯ್ದೆಯ 30ನೇ ಕಲಂ ಪ್ರಕಾರ ಬಾಜಿಯ ಹಣಕ್ಕೆ ಯಾರೂ ದಾವೆ ಹೂಡುವಂತಿಲ್ಲ. ಆದರೆ ಆ ಬಾಜಿಗಾಗಿ ಸಂಘದಲ್ಲಿ ತಂದ ಸಾಲ, ಒಡವೆ ಅಡವಿಟ್ಟ ಸಾಲ ಹಾಗೆಯೇ ಉಳಿಯುತ್ತದೆ. ವಾರದ ಕಂತು ಕಟ್ಟಬೇಕಾದವರು ಆ ತಾಯಿ.

ಕಂಪನಿಗಳ ಮೇಲಿನ ಶಿಕ್ಷೆ ಬರೆದಾಯಿತು. ಹುಡುಗನ ಕೈ ನಡುಕಕ್ಕೆ ಏನು ಮಾಡೋಣ? ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಜೂಜಿನ ಚಟಕ್ಕೂ ಡಿಜಿಟಲ್ ಆಟದ ಚಟಕ್ಕೂ ಪ್ರತ್ಯೇಕ ಸ್ಥಾನವಿದೆ. ಇವು ಚಿಕಿತ್ಸೆ ಬೇಕಾದ ಕಾಯಿಲೆಗಳು. ಬೆಂಗಳೂರಿನ ನಿಮ್ಹಾನ್ಸ್ 2014ರಿಂದಲೇ ‘ಶಟ್’ ಹೆಸರಿನ ಕ್ಲಿನಿಕ್ಕಿನಲ್ಲಿ ಫೋನು, ಆಟಗಳ ಚಟಕ್ಕೆ ಸಿಕ್ಕವರಿಗೆ ನೆರವಾಗುತ್ತಿದೆ. ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಇಲವಾಲದ ಹುಡುಗ ಒಂದು ದಿನದ ಕೂಲಿ ಬಿಟ್ಟು ಬೆಂಗಳೂರಿಗೆ ಹೋಗಿ ಬರುತ್ತಾನೆಂದು ನಿರೀಕ್ಷಿಸುವುದು ಕಷ್ಟ. ಅವನು ಹೋಗುವುದು ಹತ್ತಿರದ ಸರ್ಕಾರಿ ಆಸ್ಪತ್ರೆಗೆ, ಅದೂ ನಿದ್ದೆ ಬರುತ್ತಿಲ್ಲ, ಎದೆ ಹೊಡೆದುಕೊಳ್ಳುತ್ತದೆ ಎಂದು ಹೇಳಿಕೊಂಡು. ಅಲ್ಲಿನ ವೈದ್ಯರು ‘ಫೋನಲ್ಲಿ ದುಡ್ಡು ಕಟ್ಟಿ ಆಡ್ತೀಯೇನಪ್ಪ?’ ಎಂದು ಕೇಳಬೇಕು. ಆಶಾ ಕಾರ್ಯಕರ್ತೆಯರಿಗೆ ಈ ಪ್ರಶ್ನೆ ಕೇಳುವ ತರಬೇತಿ ಬೇಕು. ಕಾರ್ಖಾನೆಗಳ ಕಾರ್ಮಿಕ ಕಲ್ಯಾಣ ಅಧಿಕಾರಿಗಳು ಗುತ್ತಿಗೆಯ ಹುಡುಗರನ್ನೂ ತಮ್ಮವರೆಂದು ತಿಳಿಯಬೇಕು. ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ, ಸಾಲ ಮಂಜೂರು ಮಾಡುವಾಗಲೇ, ಪಾಸ್‌ಬುಕ್ಕಿನ ಇಂಥ ಸಾಲುಗಳನ್ನು ಗುರುತಿಸುವುದು ಹೇಗೆಂದು ಹೆಣ್ಣುಮಕ್ಕಳಿಗೆ ತೋರಿಸಿಕೊಡಬೇಕು.

ಇದಕ್ಕೆ ಹಣ ಎಲ್ಲಿದೆ ಎಂದು ಕೇಳುವವರಿಗೆ ಉತ್ತರ ಸರ್ಕಾರದ ಲೆಕ್ಕದಲ್ಲೇ ಇದೆ. 2023ರ ಅಕ್ಟೋಬರಿನಿಂದ ಆಟಗಾರರು ಕಟ್ಟಿದ ಹಣದ ಮೇಲೆ ಎತ್ತಿದ ತೆರಿಗೆಯಲ್ಲಿ ರಾಜ್ಯಗಳಿಗೂ ಪಾಲು ಹೋಗಿದೆ, 2025ರ ಸೆಪ್ಟೆಂಬರ್ 22ರಿಂದ ಕುದುರೆ ಜೂಜು, ಬೆಟ್ಟಿಂಗಿನ ಮೇಲಿನ ದರ ಶೇ 40ಕ್ಕೆ ಏರಿದೆ. ಆ ಪಾಲಿನಲ್ಲಿ ಒಂದಷ್ಟನ್ನು ತೆಗೆದಿಟ್ಟು ಜೂಜಿನ ಚಟಕ್ಕೆ ಚಿಕಿತ್ಸೆ, ಸಾಲದ ಸಲಹೆ ಕೊಡುವ ಕೊಠಡಿಯೊಂದನ್ನು ಮೈಸೂರು ಜಿಲ್ಲೆಯ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆರೆಯಬೇಕು, ಶಿಫ್ಟು ಮುಗಿಸಿ ಬಂದವರಿಗೂ ಸಿಗುವಂತೆ ರಾತ್ರಿ ಎಂಟರವರೆಗೆ ಅದು ನಡೆಯಬೇಕು. ಮುಂದಿನ ಬಜೆಟ್ಟಿನಲ್ಲಿ ಈ ಸಾಲು ಬರುವಂತೆ ಕೇಳುವುದು ಇಲವಾಲ, ಹೂಟಗಳ್ಳಿ ಭಾಗದ ಜನಪ್ರತಿನಿಧಿಗಳ ಕೆಲಸ. ಅವರನ್ನು ಕೇಳುವುದು ನಮ್ಮದು.